ಅಂಚಿನ ಪಾಯಿಂಟು

"ತಪ್ಪಾಯ್ತು ಅಂತ ಕೈ ಎತ್ತಿದ ಮೇಲೆ ಪಾಯಿಂಟ್ ಯಾಕಪ್ಪಾ ಇಟ್ಕೊಂಡೆ?"

ಸದಾಶಿವಯ್ಯ ಹಾಗೆ ಕೇಳಿದ್ದು ಅಲ್ಲಿದ್ದ ಯಾರನ್ನೂ ಅಲ್ಲ. ಎದುರಿಗೆ ಅಂಟಿನ ಸಲ್ಯೂಷನ್ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿತ್ತು. ಅದರೊಳಗೆ ಯಾವುದೋ ದೇಶದ ಇಬ್ಬರು ಹುಡುಗರು ಟೇಬಲ್ ಟೆನ್ನಿಸ್ ಆಡುತ್ತಿದ್ದರು. ಒಬ್ಬನ ಚೆಂಡು ಮೇಜಿನ ಅಂಚನ್ನು ಸವರಿ ಸರ್ರನೆ ಕೆಳಗಿಳಿದಿತ್ತು. ಯಾರಪ್ಪನಿಂದಲೂ ಎತ್ತಲಾಗದ ಚೆಂಡು. ಹಾಗೆ ಅದೃಷ್ಟದ ಪಾಯಿಂಟು ಬಂದಾಗ ಒಂದು ಕೈ ಎತ್ತಿ ಕ್ಷಮೆ ಕೇಳುವುದು ಆ ಆಟದ ವಾಡಿಕೆ. ಹುಡುಗ ಕೈ ಎತ್ತಿದ, ಇಳಿಸಿದ, ಮುಂದಿನ ಸರ್ವಿಸ್‌ಗೆ ನಿಂತ.

"ಇಟ್ಕೊಳ್ದೆ ಏನ್ಮಾಡ್ತಾನೆ ಅಯ್ನೋರೇ, ನಿಮ್ಮನೆಗೆ ಪಾರ್ಸಲ್ ಕಳಿಸ್ತಾನಾ?" ಅಂದರು ಇಸಾಕ್ ಸಾಬ್, ಬುಲೆಟ್ ಗಾಡಿಯ ಸೀಟಿಗೆ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಾ.

"ಮುಂದಿನ ಬಾಲ್ ಬೇಕಂತ್ಲೇ ನೆಟ್‌ಗೆ ಹೊಡೀಬೇಕು ಸಾಬ್ರೇ. ವಾಪಸ್ ಕೊಟ್ಟಂಗಾಯ್ತು. ಅದು ಸಂಸ್ಕಾರ."

"ಕೈ ಎತ್ತೋದು ಅವನ ಮರ್ಯಾದೆ. ಪಾಯಿಂಟ್ ಕೊಟ್ಟಿದ್ದು ಮೇಲಿರೋನು. ಅವನು ಕೊಟ್ಟಿದ್ದನ್ನ ನೆಟ್ಟಿಗೆ ಬಿಸಾಕೋಕೆ ಇವನ್ಯಾರು?"

ತುಮಕೂರಿನ ಶಿರಾ ಗೇಟಿನ ಈ ಸೀಟ್ ಕವರ್ ಅಂಗಡಿಗೂ ಟೇಬಲ್ ಟೆನ್ನಿಸ್‌ಗೂ ಗಂಟು ಬಿದ್ದದ್ದು ಅಂಟಿನಿಂದ. ಬ್ಯಾಟಿನ ರಬ್ಬರ್ ಕಿತ್ತು ಬಂದರೆ ಗುಳ್ಳೆಯೇಳದಂತೆ ಅಂಟಿಸುವ ಕೈ ಸುತ್ತಮುತ್ತ ಸಾಬರದ್ದೊಂದೇ. ಅಂಟು ಒಣಗುವ ತನಕ ಕಾಯುವವರಿಗೆಂದು ಹಳೆ ಅಂಬಾಸಿಡರ್ ಕಾರಿನ ಹಿಂದಿನ ಸೀಟನ್ನು ಬಾಗಿಲ ಬಳಿ ಹಾಕಿದ್ದರು. ಕಾಯುವವರು ಮ್ಯಾಚ್ ನೋಡಿದರು, ನೋಡಿದವರು ಜಗಳವಾಡಿದರು. ಬ್ಯಾಟೇ ಇಲ್ಲದ ಸದಾಶಿವಯ್ಯ ಬಟವಾಡಿಯಿಂದ ದಿನಾ ಆಟೋ ಹತ್ತಿ ಬರತೊಡಗಿ ಆರು ವರ್ಷವಾಗಿತ್ತು.

ಅದಕ್ಕೂ ಕಾರಣವಿತ್ತು. ಚಿಕ್ಕಂದಿನಲ್ಲಿ ಮನೆಯಲ್ಲಿ ತಂದೆ ಸಂಜೆಹೊತ್ತು ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು. ಮಗನ ಕೆಲಸ ಎದುರಿಗೆ ಕೂತು ಕೇಳುವುದು. ದೊಡ್ಡವನಾದ ಮೇಲೆ ಸರ್ಕಾರಿ ಕಚೇರಿಯಲ್ಲಿ ಸ್ಟೆನೊ. ಮೂವತ್ತೆರಡು ವರ್ಷ ಸಾಹೇಬರುಗಳು ಹೇಳಿದ್ದನ್ನು ಕೇಳಿ ಬರೆದುಕೊಂಡರು. ಮನೆಯಲ್ಲಿ ಹೆಂಡತಿ ಗಂಗಾಂಬಿಕೆ. ಅಲ್ಲಿಯೂ ಕೇಳುವ ಕೆಲಸಕ್ಕೆ ನಿವೃತ್ತಿ ಇರಲಿಲ್ಲ. ಅವರ ಸ್ವಂತ ಅಭಿಪ್ರಾಯ ಅಂತ ಒಂದು ಹುಟ್ಟಿದ್ದು, ಅದನ್ನು ನಾಲ್ಕು ಜನ ತಲೆಯೆತ್ತಿ ಕೇಳಿದ್ದು ಈ ಅಂಬಾಸಿಡರ್ ಸೀಟಿನ ಮೇಲೆ, ಅರವತ್ತೊಂದನೇ ವಯಸ್ಸಿನಲ್ಲಿ. ಟವೆಲ್ಲಿನಿಂದ ಮುಖ ಒರೆಸುವ ನೆಪದಲ್ಲಿ ಎದುರಾಳಿಯ ಲಯ ಕೆಡಿಸುವವರು, ಪಾಯಿಂಟು ಬಿಗಿಯಾದಾಗ ಶೂ ಲೇಸ್ ಕಟ್ಟುತ್ತ ಕೂರುವವರು, ಎಲ್ಲರಿಗೂ ಅವರಲ್ಲಿ ಒಂದೊಂದು ಪ್ರವಚನವಿತ್ತು. ಅಂಚಿನ ಪಾಯಿಂಟಿನ ಪ್ರವಚನ ಎಲ್ಲಕ್ಕಿಂತ ದೊಡ್ಡದು.

ಅವತ್ತು ಅದು ಮುಕ್ಕಾಲು ಗಂಟೆ ನಡೆಯಿತು. ಗುಬ್ಬಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದ ಉದಯಕುಮಾರ್, ಬ್ಯಾಟಿಗೆ ರಬ್ಬರ್ ಹಾಕಿಸಲು ಬಂದವನು, ಕೊನೆಗೆ ಕೈಮುಗಿದ.

"ಇಬ್ರೂ ಬಾಯಲ್ಲಿ ಆಡಿದ್ದು ಸಾಕು, ಮೇಜಿನ ಮೇಲೆ ಆಡಿ. ನಮ್ಮ ಅಂಗಡಿ ಮೇಲೆ ಟೇಬಲ್ ಐತೆ. ಸೋತೋರು ಒಂದು ವರ್ಷ ಇಲ್ಲಿ ಮ್ಯಾಚ್ ನೋಡುವಾಗ ತುಟಿ ಬಿಚ್ಚಂಗಿಲ್ಲ."

"ನಾನ್ ರೆಡಿ," ಅಂದರು ಸಾಬರು. "ಅಯ್ನೋರಿಗೆ ಕಷ್ಟ ಆಗ್ಬೋದು."

"ನಾನೂ ರೆಡಿ," ಅಂದುಬಿಟ್ಟರು ಸದಾಶಿವಯ್ಯ. ಅಂದ ಮೇಲೆ ಷರತ್ತು ನೆನಪಾಯಿತು. ಒಂದು ವರ್ಷ! ಮತ್ತೆ ಬರೀ ಕೇಳುವುದು!

ಸಾಬರಿಗಾದರೆ ಅಂಟಿಸಿದ ಬ್ಯಾಟನ್ನೆಲ್ಲ ಗೋಡೆಗೆ ಚೆಂಡು ಹೊಡೆದು ಪರೀಕ್ಷಿಸುವ ರೂಢಿ. ಸದಾಶಿವಯ್ಯ ಸದ್ದಿಲ್ಲದೆ ಕುಣಿಗಲ್ಲಿಗೆ, ಮಗಳ ಮನೆಗೆ ಹೋದರು. ಊಟದ ಮೇಜಿನ ನಡುವೆ ಮೊಮ್ಮಗಳ ನೋಟ್‌ಬುಕ್ಕುಗಳನ್ನು ಸಾಲಾಗಿ ನಿಲ್ಲಿಸಿ ನೆಟ್ ಮಾಡಿಕೊಂಡರು. ಅಳಿಯ ಆಫೀಸಿನಿಂದ ಬಂದವನೇ ಬ್ಯಾಟು ಹಿಡಿದು ಎದುರು ನಿಲ್ಲಬೇಕಿತ್ತು. ಹದಿನೈದು ದಿನವಾದ ಮೇಲೆ ಮಗಳು ರೂಪಶ್ರೀ, "ಅಪ್ಪಾ, ನೆಲದ ಮೇಲೆ ಕೂತು ಉಂಡೂ ಉಂಡೂ ನಮ್ಮ ಮಂಡಿ ಹೋಯ್ತು. ಗೆಲ್ತೀರಾ, ಹೋಗಿ," ಎಂದು ಅಳಿಯನ ಕ್ಯಾನ್ವಾಸ್ ಶೂ ಕೊಟ್ಟು ಬಸ್ಸು ಹತ್ತಿಸಿದಳು.

ಪಂದ್ಯದ ದಿನ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ಮಠದಲ್ಲಿ ಕೈಮುಗಿದರು. ಗೆಲ್ಲಿಸು ಎಂದು ಕೇಳಲಿಲ್ಲ, ಅದು ಸಂಸ್ಕಾರವಲ್ಲ. ಕೊನೆಯ ಚೆಂಡು ಮೇಜಿನ ಹೊರಗೆ ಬೀಳದಿರಲಿ, ಅಷ್ಟು ಸಾಕು ಎಂದರು.

ಗುಬ್ಬಿಯ ಆ ಮಹಡಿಯಲ್ಲಿ ಟಾನಿಕ್ ಡಬ್ಬಗಳನ್ನು ಗೋಡೆಗೆ ಸರಿಸಿದ್ದರು. ಉದಯಕುಮಾರನೇ ಅಂಪೈರು. ಶಿರಾ ಗೇಟಿನಿಂದ ಏಳೆಂಟು ಜನ ಆಟ ನೋಡಲೆಂದೇ ಬಂದಿದ್ದರು. ಮೊದಲ ಗೇಮು ಸಾಬರಿಗೆ, ಎರಡನೆಯದು ಸದಾಶಿವಯ್ಯನವರಿಗೆ. ಮೂರನೆಯದರಲ್ಲಿ ಒಂಬತ್ತು-ಒಂಬತ್ತು.

ಸಾಬರು ಟವೆಲ್ ಎತ್ತಿಕೊಂಡು ಮುಖ, ಕತ್ತು, ಗಡ್ಡವನ್ನೆಲ್ಲ ನಿಧಾನವಾಗಿ ಒರೆಸಿದರು. ಅದು ಮುಗಿಯಿತು ಅನ್ನುವಷ್ಟರಲ್ಲಿ ಸದಾಶಿವಯ್ಯ ಬಗ್ಗಿ ಶೂ ಲೇಸ್ ಕಟ್ಟತೊಡಗಿದರು.

"ಲೇಸ್ ಬಿಚ್ಚೇ ಇಲ್ವಲ್ಲ ಅಯ್ನೋರೇ!" ಯಾರೋ ಕೂಗಿದರು.

"ಶೂ ಸ್ವಲ್ಪ ದೊಡ್ದು," ಅಂದರು ಸದಾಶಿವಯ್ಯ, ತಲೆ ಎತ್ತದೆ.

ಆಮೇಲೆ ಸಾಬರು ಒಂದು ಚೆಂಡನ್ನು ನೆಟ್ಟಿಗೆ ಹೊಡೆದರು. ಹತ್ತು-ಒಂಬತ್ತು, ಹನ್ನೊಂದಾದರೆ ಗೆಲುವು. ಮುಂದಿನ ಚೆಂಡು ಆ ಕಡೆ ಈ ಕಡೆ ಹನ್ನೆರಡು ಸಲ ಓಡಾಡಿತು. ಸದಾಶಿವಯ್ಯನವರಿಗೆ ಅದರ ಸದ್ದು ಮಾತ್ರ ಕೇಳುತ್ತಿತ್ತು, ತಂದೆಯ ಓದಿನಲ್ಲಿ ಸಾಲಿನ ಕೊನೆಗೆ ಕಾಯುತ್ತಿದ್ದ ಹಾಗೆ. ಹದಿಮೂರನೆಯ ಸಲ ಕಣ್ಣು ಮುಚ್ಚಿ ಬೀಸಿದರು. ಚೆಂಡು ಆ ತುದಿಯ ಅಂಚನ್ನು ಚಿಟಕ್ಕೆಂದು ಸವರಿ, ಸಾಬರ ಬ್ಯಾಟಿನ ಕೆಳಗೆ ನುಸುಳಿ ಟಾನಿಕ್ ಡಬ್ಬಗಳ ಸಂದಿಗೆ ಹೋಯಿತು. ಮೇಜಿನ ಹೊರಗೆ ಬಿದ್ದಿರಲಿಲ್ಲ. ಕೇಳಿಕೊಂಡಷ್ಟನ್ನೇ, ಕೂದಲೆಳೆಯಷ್ಟೂ ಜಾಸ್ತಿಯಿಲ್ಲದೆ ಕೊಟ್ಟಿದ್ದ ದೇವರು.

ಸದಾಶಿವಯ್ಯನವರ ಎಡಗೈ ತಾನಾಗಿ ಮೇಲೆದ್ದಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರು ವರ್ಷದ ಪ್ರವಚನ ಕೇಳಿದವರೆಲ್ಲ ಬಾಯಿ ತೆರೆದು ನಿಂತಿದ್ದರು. ನೆಟ್ಟಿಗೆ ಹೊಡೆದು ಹಿಂದಿರುಗಿಸೋಣವೆಂದರೆ ಮುಂದಿನ ಚೆಂಡೇ ಇರಲಿಲ್ಲ, ಆಟ ಮುಗಿದಿತ್ತು. 'ಇದು ಲೆಕ್ಕಕ್ಕಿಲ್ಲ, ಮತ್ತೆ ಆಡೋಣ ಸಾಬ್ರೇ' ಅನ್ನಬೇಕಿತ್ತು, ಅಷ್ಟೇ. ಆ ಮಾತು ನಾಲಿಗೆಯ ತುದಿಗೂ ಬಂತು. ಅದರ ಹಿಂದೆಯೇ ಅಂಬಾಸಿಡರ್ ಸೀಟೂ, ಅದರ ಮೇಲೆ ಒಂದು ವರ್ಷ ತುಟಿ ಹೊಲಿದುಕೊಂಡು ಕೂತ ತಾವೂ ಕಣ್ಮುಂದೆ ಬಂದರು.

ಕೈ ಇಳಿಸಿದರು. ಸಾಬರ ಟವೆಲ್ಲನ್ನೇ ಎತ್ತಿಕೊಂಡು ಮುಖ ಒರೆಸಿಕೊಂಡರು. ಸ್ವಲ್ಪ ಜಾಸ್ತಿ ಹೊತ್ತೇ ಒರೆಸಿಕೊಂಡರು.

ಟವೆಲ್ ತೆಗೆದಾಗ ಇಸಾಕ್ ಸಾಬ್ ಮೇಜು ಸುತ್ತಿ ಬಂದು ಎದುರಿಗೆ ಕೈ ಚಾಚಿ ನಿಂತಿದ್ದರು. "ಮುಬಾರಕ್ ಅಯ್ನೋರೇ. ಅವನು ಕೊಟ್ಟಿದ್ದು. ಇಟ್ಕೊಳ್ಳಿ." ಆಮೇಲೆ ತುಟಿಯ ಮೇಲೆ ಬೆರಳಿಟ್ಟುಕೊಂಡರು.

ತುಮಕೂರಿಗೆ ಹಿಂದಿರುಗುವ ರೈಲಿನಲ್ಲೂ ಸಾಬರು ಮಾತಾಡಲಿಲ್ಲ.

"ಸಾಬ್ರೇ, ಮ್ಯಾಚ್ ನೋಡುವಾಗ ಮಾತ್ರ ಅಂತಲ್ವಾ ಮಾತಾಗಿದ್ದು?"

"ಪ್ರಾಕ್ಟೀಸ್ ಮಾಡ್ಕೊಳ್ತಿದೀನಿ," ಅಂದು ಸಾಬರು ಮತ್ತೆ ಕಿಟಕಿ ಕಡೆ ತಿರುಗಿದರು. ಮುಖದಲ್ಲಿ ಕೋಪದ ಸುಳಿವೂ ಇರಲಿಲ್ಲ. ಸದಾಶಿವಯ್ಯನವರಿಗೆ ಅದೇ ಕಷ್ಟವಾಯಿತು.

ಮುಂದಿನ ಭಾನುವಾರ ಅಂಗಡಿಯಲ್ಲಿ ಮ್ಯಾಚ್ ಹಾಕಿದರು. ಸಾಬರು ಬಾಯಿ ತುಂಬ ಮೊಳೆ ಕಚ್ಚಿಕೊಂಡು ಸ್ಕೂಟರಿನ ಸೀಟು ಹಿಡಿದು ಕೂತಿದ್ದರು. ಸದಾಶಿವಯ್ಯ ಗಂಟಲು ಸರಿಮಾಡಿಕೊಂಡು, "ಅವನು ಬ್ಯಾಕ್‌ಹ್ಯಾಂಡ್‌ಗೇ ಹಾಕ್ತಾ ಇರ್ಬೇಕು," ಅಂದರು. ಯಾರೂ 'ಯಾಕೆ' ಅನ್ನಲಿಲ್ಲ. "ಟೈಮ್‌ಔಟ್ ಈಗ ತಗೋಬೇಕಿತ್ತು," ಅಂದರು. ಸುತ್ತಿಗೆಯ ಸದ್ದೊಂದೇ ಉತ್ತರ. ಎದುರಾಡುವವರಿಲ್ಲದೆ ಮಾತು ಅಲ್ಲಲ್ಲೇ ಉದುರಿಬೀಳುತ್ತಿತ್ತು.

ಅಷ್ಟರಲ್ಲಿ ಮೊಬೈಲಿನಲ್ಲಿ ಒಬ್ಬ ಹುಡುಗನ ಚೆಂಡು ಅಂಚು ಸವರಿ ಹೋಯಿತು. ಅವನು ಕೈ ಎತ್ತಿದ, ಇಳಿಸಿದ, ಸರ್ವಿಸ್‌ಗೆ ನಿಂತ.

ಉದಯಕುಮಾರ್ ಬೆರಳೊತ್ತಿ ಆಟ ನಿಲ್ಲಿಸಿದ. "ಹೇಳಿ ಅಯ್ನೋರೇ. ಅವನು ಇಟ್ಕೊಂಡಿದ್ದು ಸರಿಯೋ ತಪ್ಪೋ?"

ಸುತ್ತಿಗೆ ನಿಂತಿತು. ಸಾಬರು ಮೊಳೆಗಳನ್ನು ಅಂಗೈಗೆ ಉಗಿದುಕೊಂಡು ಮುಖವೆತ್ತಿದರು. ಅಣಕವಿರಲಿಲ್ಲ ಅದರಲ್ಲಿ. ಶ್ರದ್ಧೆಯಿಂದ ಕೇಳಲು ಕೂತವನ ಮುಖ ಅದು. ಅರವತ್ತು ವರ್ಷ ತಾವೇ ಹೊತ್ತು ತಿರುಗಿದ ಆ ಮುಖದ ಗುರುತು ಸದಾಶಿವಯ್ಯನವರಿಗೆ ಚೆನ್ನಾಗಿ ಸಿಕ್ಕಿತು.

"ಹೇಳಿ ಅಯ್ನೋರೇ, ವರ್ಷ ಪೂರ್ತಿ ಮಾತು ನಿಮ್ದೇ. ಒಂದೇ ಒಂದು ಮಾತು ಹೇಳಿ," ಅಂದ ಉದಯಕುಮಾರ್.

"ಹೇಳಲ್ಲ," ಅಂದರು ಸದಾಶಿವಯ್ಯ.