ಪೆಟ್ಟಿಗೆಯ ತಲೆಯ ಕಡೆ

"ಏಯ್, ಸಗಣಿ ಬೂಟಲ್ಲಿ ಎಲ್ಲಿಗ್ ನುಗ್ತಿದೀಯೋ ಬೋಳಿಮಗ್ನೆ? ನಲವತ್ತು ಹಸು ಕೆಚ್ಚಲು ಬಿಗ್ಕೊಂಡು ಬಡ್ಕೋತಿವೆ. ಹೋಗ್ ಹಾಲ್ ಕರಿ!"

ಡೊನಾಲ್ ಬಾಗಿಲಿಗೆ ಅಡ್ಡ ನಿಂತು ಅರಚಿದ. ಮನೆ, ಹಸು, ಹುಲ್ಲುಗಾವಲು ಎಲ್ಲ ಅವನವೇ. ಕಾರ್ಮಕ್ ಹದಿನೆಂಟು ವರ್ಷದಿಂದ ಅಲ್ಲಿ ಹಾಲು ಕರೆಯುವ ಆಳು. ಒಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದವನು ಡೊನಾಲ್‌ನ ತಮ್ಮ ಲೋರ್ಕನ್, ಕಾರ್ಮಕ್‌ನ ಗಂಡ. ಆರು ವರ್ಷದ ಹಿಂದೆ ಇಬ್ಬರೂ ಪೇಟೆಯ ನೋಂದಣಿ ಕಚೇರಿಯಲ್ಲಿ ಮದುವೆಗೆ ರುಜು ಹಾಕಿ, ಬಸ್‌ಸ್ಟ್ಯಾಂಡಿನಲ್ಲಿ ಕರಿದ ಮೀನು ತಿಂದು, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸು ಬಂದಿದ್ದರು.

"ಅವ್ನ್ ಪಕ್ಕ ನಿಲ್ಲೋಕ್ ಬಿಡಿ. ಕಾನೂನು ಪ್ರಕಾರ ನಾನು..."

"ಕಾನೂನಂತೆ! ಆ ಕಾಗ್ದ ತಿಪ್ಪೆಗ್ ಹಾಕು. ಊರೇ ಬರ್ತಿದೆ, ಮನೆ ಮರ್ಯಾದೆ ಏನಾಗ್ಬೇಕು?"

ಕಾರ್ಮಕ್ ಕೊಟ್ಟಿಗೆಗೆ ಹೋದ. ಹಸುಗಳ ತಪ್ಪೇನು, ಪಾಪ. ಅಲ್ಲಿಂದ ಮನೆಯ ಕಿಟಕಿಯೊಳಗೆ ಎಲ್ಲ ಕಾಣುತ್ತಿತ್ತು. ಪೆಟ್ಟಿಗೆಯ ತಲೆಯ ಕಡೆಯಿಂದ ಮನೆಯವರ ಸಾಲು. ಬಂದವರು ಒಬ್ಬೊಬ್ಬರದೇ ಕೈ ಕುಲುಕಿ ಮುಂದೆ ಹೋಗುತ್ತಿದ್ದರು. ಆ ಸಾಲಿನಲ್ಲಿ ನಿಂತವನು ಸತ್ತವನಿಗೆ ಬೇಕಾದವನು, ನಿಲ್ಲದವನು ಯಾರೂ ಅಲ್ಲ. ಮೊದಲ ಜಾಗ ಹೆಂಡತಿಯದು, ಇಲ್ಲವೇ ಗಂಡನದು. ಅಲ್ಲಿ ಡೊನಾಲ್ ನಿಂತಿದ್ದ.

ನೆರೆಯ ಮುದುಕಿ ಬ್ರೀಡಾ ಒಂದು ಲೋಟ ಚಹಾ ತಂದಳು. "ಒಳ್ಳೆ ಗೆಳೆಯನ್ನ ಕಳ್ಕೊಂಡ್ಯಲ್ಲಪ್ಪಾ."

"ಗೆಳೆಯ ಅಲ್ಲಮ್ಮಾ. ಗಂಡ."

"ಶ್! ನಂಗೊತ್ತಿಲ್ವಾ? ಇಡೀ ಊರಿಗ್ ಗೊತ್ತು. ಬಾಯ್ಬಿಟ್ಟು ಹೇಳ್ಬಾರ್ದು ಕಣಪ್ಪಾ." ಮುದುಕಿ ಖಾಲಿ ಲೋಟ ಇಸಿದುಕೊಂಡು ಸರಸರನೆ ಹೊರಟಳು.

ಊರಿಗೆಲ್ಲ ಗೊತ್ತಿತ್ತು, ಆದರೂ ಅವನಿಗೆ ಅಳಲು ಒಂದು ಮೂಲೆ ಇರಲಿಲ್ಲ. ಹಸುವಿನ ಪಕ್ಕೆಗೆ ಹಣೆ ಒತ್ತಿ ಅತ್ತ. ಲೋರ್ಕನ್ ಬದುಕಿದ್ದಾಗ ಇಷ್ಟು ಒಂಟಿ ಎಂದೂ ಅನಿಸಿರಲಿಲ್ಲ. ಆಮೇಲೆ ಮೈಯೆಲ್ಲ ಉರಿಯಿತು. ಇನ್ನೂ ಹತ್ತು ಹಸು ಉಳಿದಿರುವಾಗಲೇ ಹಾಲು ಕರೆಯುವ ಯಂತ್ರ ನಿಲ್ಲಿಸಿದ.

ಜನರನ್ನು ಸರಿಸಿಕೊಂಡು ಒಳಗೆ ನಡೆದು, ಡೊನಾಲ್‌ಗೂ ಪೆಟ್ಟಿಗೆಗೂ ನಡುವೆ ಭುಜ ತೂರಿಸಿ ನಿಂತ.

"ಆಚೆ ಹೋಗೋ ಸೂಳೆಮಗ್ನೆ," ಡೊನಾಲ್ ಹಲ್ಲು ಕಡಿದ.

"ಹೊಡ್ದ್ ಕಳ್ಸು. ಎಲ್ರೂ ನೋಡ್ಲಿ."

ಅಷ್ಟರಲ್ಲಿ ಪಾದ್ರಿ ಬಂದರು. ಕಾರ್ಮಕ್ ಕೈ ಚಾಚಿದ. "ನಾನು ಲೋರ್ಕನ್ ಗಂಡ, ಫಾದರ್."

ಪಾದ್ರಿ ಆ ಕೈ ನೋಡಿದರು, ಡೊನಾಲ್‌ನ ಮುಖ ನೋಡಿದರು. ಪಕ್ಕಕ್ಕೆ ಬಾಗಿ ಡೊನಾಲ್‌ನ ಕೈ ಕುಲುಕಿದರು. ಅವರ ಹಿಂದೆ ಬಂದವನೂ ಹಾಗೇ ಮಾಡಿದ. ಅವನ ಹಿಂದಿನವಳೂ.

ಅಂಗಳದ ಗೇಟಿನವರೆಗೆ ಜನ ನಿಂತಿದ್ದರು. ಕಾರ್ಮಕ್ ಕೈ ಇಳಿಸಲಿಲ್ಲ.