ಮೇಸ್ತ್ರಿಯ ಕುರ್ಚಿ

"ಅಪ್ಪ ಸತ್ತಾಗ ಇವನ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ. ಈಗ ಬೆಕ್ಕು ಸತ್ತಿದ್ದಕ್ಕೆ ಗಂಡ ಸತ್ತವಳ ಥರ ಕೂತಿದಾನೆ ನೋಡಿ."

ಭಾವ ಇದನ್ನು ಹೇಳಿದ್ದು ತನ್ನ ಸೋಫಾ ರಿಪೇರಿ ಅಂಗಡಿಯ ನಟ್ಟನಡುವೆ, ಬಟ್ಟೆ ಆರಿಸಲು ಬಂದಿದ್ದ ಗಂಡ ಹೆಂಡತಿಯ ಎದುರಿಗೆ. ಬಡಗಿ ಕಿಸಕ್ಕನೆ ನಕ್ಕ. ಧಣಿ ನಕ್ಕಾಗ ನಗುವುದೂ ಸಂಬಳದಲ್ಲೇ ಸೇರಿದೆ ಎಂದುಕೊಂಡ ಪ್ರಾಣಿ ಅದು. ಹೊಲಿಗೆ ಯಂತ್ರದ ಮುಂದಿದ್ದ ಅಕ್ಕ ಮಾತ್ರ ತಲೆ ಎತ್ತಲಿಲ್ಲ.

ನೆಲದ ಮೇಲೆ ಕೂತಿದ್ದ ತಮ್ಮನ ಕೈಯಲ್ಲಿ ಮೊಳೆ ಕೀಳುವ ಇಕ್ಕಳವಿತ್ತು. ಎದುರಿಗೆ, ಅವನದೇ ಕೋಣೆಯಿಂದ ಭಾವ ಬೆಳಿಗ್ಗೆ ಹೊರಿಸಿ ತಂದ ಕುರ್ಚಿ. ಅದರ ಎಡಗೈಯ ಬಟ್ಟೆ ಹರಿದು ನೂಲು ನೂಲಾಗಿ ಜೋತಾಡುತ್ತಿತ್ತು. ಬೆಕ್ಕು ಹೋಯಿತಲ್ಲ, ಇನ್ನು ಪರಚುವವರಿಲ್ಲ, ಹಳೇ ಬಟ್ಟೆ ಕಿತ್ತೆಸೆದು ಹೊಸದು ಹೊದಿಸು, ಮಾರಾಟಕ್ಕಿಡೋಣ ಎಂದು ಭಾವನ ಅಪ್ಪಣೆಯಾಗಿತ್ತು. ಇಕ್ಕಳ ಇನ್ನೂ ಒಂದು ಮೊಳೆಯನ್ನೂ ಮುಟ್ಟಿರಲಿಲ್ಲ.

ಬೆಕ್ಕಿನ ಹೆಸರು ಮೇಸ್ತ್ರಿ. ಹೆಣ್ಣಾದರೂ ಮೇಸ್ತ್ರಿಯೇ. ಓದು ತಲೆಗೆ ಹತ್ತದೆ ಶಾಲೆ ಬಿಟ್ಟು ಅಂಗಡಿ ಸೇರಿದ ವರ್ಷ, ಎಸೆಯಲು ಇಟ್ಟಿದ್ದ ಮರದ ಚೌಕಟ್ಟಿಗೆ ಕುಶನ್ ಕಟ್ಟಿ ಅವನು ಮಾಡಿಕೊಂಡ ಮೊದಲ ಕುರ್ಚಿಯಿದು. ತಾನು ಕೂರುವ ಮೊದಲೇ ಎಲ್ಲಿಂದಲೋ ಬಂದ ಮರಿ ಅದರಲ್ಲಿ ಕೂತಿತ್ತು. ಆಮೇಲೆ ಎಬ್ಬಿಸುವ ಎದೆ ಯಾರಿಗಿತ್ತು? ಅಂಗಡಿಗೆ ಹೊಸ ಬಟ್ಟೆ ಬಂದರೆ ಒಂದು ತುಂಡನ್ನು ತಂದು ಆ ಎಡಗೈಗೆ ಬಿಗಿಯುತ್ತಿದ್ದ. ಮೇಸ್ತ್ರಿ ಮೂಸಿ, ಮೈ ಮುರಿದು, ಉಗುರು ಹಾಕಿ ತೀರ್ಪು ಕೊಡುತ್ತಿದ್ದಳು. ಚಿಂದಿಯಾದರೆ ಅಂಗಡಿಗೆ ಬೇಡ. ತಡೆದುಕೊಂಡರೆ, "ನಮ್ಮನೆ ಬೆಕ್ಕೇ ಸೋತ ಬಟ್ಟೆ ಸಾರ್" ಎಂದು ಭಾವ ಎದೆ ತಟ್ಟಿಕೊಂಡು ಮಾರುತ್ತಿದ್ದ. ಅವಳ ಉಗುರಿನಿಂದ ಉಂಡ ಬಾಯಿ ಇವತ್ತು ಏನಾಡುತ್ತಿದೆ.

ಮೊನ್ನೆ ಅದೇ ಎಡಗೈಗೆ ಗಲ್ಲವಿಟ್ಟು ಮಲಗಿದವಳು ಏಳಲಿಲ್ಲ. ಅಂದಿನಿಂದ ಇವನ ಗಂಟಲಲ್ಲಿ ತುತ್ತು ಇಳಿದಿಲ್ಲ.

ಅಕ್ಕ ಯಂತ್ರ ನಿಲ್ಲಿಸಿದಳು. "ಸುಮ್ನಿರಿ ಅಂದ್ರೆ. ಅವನು ಅಳ್ತಿರೋದು ಬೆಕ್ಕಿಗಲ್ಲ, ಅಪ್ಪಂಗೆ. ಆಗ ನುಂಗ್ಕೊಂಡಿದ್ದ, ಈಗ ಹೊರಗೆ ಬರ್ತಿದೆ. ಅಪ್ಪನ್ನ ಕೂರಿಸ್ಬೇಕು ಅಂತ ಮಾಡಿದ ಕುರ್ಚಿ ಅದು. ಹಾಗೇ ಇರ್ಲಿ ಬಿಡಿ."

ಅಂಗಡಿಯ ಗಾಳಿಯೇ ಬದಲಾಯಿತು. ಗಿರಾಕಿ ಹೆಂಗಸು ಅಯ್ಯೋ ಪಾಪ ಎಂದಳು. ಬಡಗಿ ನಗು ನುಂಗಿದ. ಭಾವನೂ ಮೆತ್ತಗಾದ, ಹೆತ್ತವರ ವಿಷಯ ಅಂದರೆ ಬೇರೆ, ಮೊದಲೇ ಹೇಳಬಾರದಿತ್ತೇ, ಕುರ್ಚಿ ಮನೆಗೇ ಹೋಗಲಿ ಎಂದ. ತಮ್ಮ ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು, ಕುರ್ಚಿಯೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆಡಿಸೋ ಮಾರಾಯ ಎಂದು ಅಕ್ಕ ಕಣ್ಣಲ್ಲೇ ಬೇಡಿಕೊಂಡಳು.

ಅವನು ಹರಿದ ಎಡಗೈಯ ಮೇಲೆ ಕೈಯಿಟ್ಟ. ಬದುಕಿರುವಾಗ ಮೇಸ್ತ್ರಿಯ ಹೆಸರಲ್ಲಿ ವ್ಯಾಪಾರ. ಸತ್ತ ಮೇಲೆ ಅವಳಿಗೆ ಅಳುವುದಕ್ಕೂ ಬೇರೆಯವರ ಹೆಸರು ಕಡ ತರಬೇಕೆ?

ಇಕ್ಕಳ ಕೆಳಗಿಟ್ಟು ಎದ್ದ.

"ಸುಳ್ಳು ಹೇಳ್ಬೇಡ ಅಕ್ಕಾ. ಇದು ನಾನು ಕೂರೋಕೆ ಮಾಡ್ಕೊಂಡಿದ್ದು. ಅಪ್ಪ ಇದನ್ನ ಮುಟ್ಟೂ ನೋಡಿಲ್ಲ. ನಾನು ಮನೆಗೆ ಬಂದ್ರೆ ಅವನು ಬಯ್ತಿದ್ದ. ಇವಳು ಬಾಗಿಲಿಗೆ ಬರ್ತಿದ್ಲು." ದನಿ ಇನ್ನೂ ಏರಿಸಿದ. "ನಾನು ಅಳ್ತಿರೋದು ಬೆಕ್ಕಿಗೆ. ಬೆಕ್ಕಿಗೇ. ಎಲ್ಲರೂ ಕೇಳಿಸ್ಕೊಳ್ಳಿ."

ಅವನು ಕುರ್ಚಿಯನ್ನು ಬೋರಲಾಗಿ ತಲೆಯ ಮೇಲೆ ಹೊತ್ತುಕೊಂಡ. ಹರಿದ ಎಡಗೈ ಕಿವಿಯ ಪಕ್ಕಕ್ಕೆ ಬಂತು. ಒದ್ದೆ ಕೆನ್ನೆಗೆ ಮೇಸ್ತ್ರಿಯ ನಾಲ್ಕು ಬಿಳಿ ಕೂದಲು ಅಂಟಿದವು. ಒರೆಸಿಕೊಳ್ಳಲಿಲ್ಲ. ಗಿರಾಕಿಗಳು ದಾರಿ ಬಿಟ್ಟರು.

"ಲೋ, ಇಳಿಸೋ ಅದನ್ನ. ಹೊಸಿಲು ದಾಟಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ. ಕೇಳಿಸ್ತಾ?" ಎಂದ ಭಾವ.

ಕೇಳಿಸಿತ್ತು. ಹೊಸಿಲು ದಾಟಿ, ಬೀದಿಯ ಬಿಸಿಲಿಗಿಳಿದು, ತಿರುಗಿ ನೋಡದೆ ನಡೆದ.