ಒಂದು ಬೆರಳಿನಗಲ

"ಬಿಗಿಯಾಗಿ ಕಟ್ಟು. ಬದುಕಿದ್ದಾಗ್ಲೂ ಯಾರಿಗೂ ತಲೆ ಬಗ್ಗಿಸಿದವನಲ್ಲ," ಎಂದ ಷಡಕ್ಷರಿ.

ಗೋಡೆಗೆ ಒರಗಿಸಿ ಕೂರಿಸಿದ್ದ ಅವನ ಅಣ್ಣ ರುದ್ರಸ್ವಾಮಿಯ ತಲೆಯನ್ನು ಜವರಪ್ಪ ಬಿಳಿ ಪಂಚೆಯಿಂದ ಕಿಟಕಿಯ ಸರಳಿಗೆ ಕಟ್ಟುತ್ತಿದ್ದ. ನಗರ ಯೋಜನಾ ಕಚೇರಿಯಲ್ಲಿ ರುದ್ರಸ್ವಾಮಿ ನಕ್ಷೆ ಬರೆಯುತ್ತಿದ್ದಾಗ ಅಳತೆಯ ಸರಪಳಿ ಎಳೆದವನು ಜವರಪ್ಪ. ನೆಂಟರಲ್ಲಿ ಒಬ್ಬರೂ ಕೈಹಾಕಿರಲಿಲ್ಲ. ಸಿಟಿಯ ಒಂಟಿಕೊಪ್ಪಲಿನ ಆ ಬಾಡಿಗೆ ಮನೆಯ ಮುಂದೆ ರುದ್ರಸ್ವಾಮಿಯ ಹುಟ್ಟೂರಿನಿಂದ ಬಂದವರು ಗುಂಪಾಗಿ ನಿಂತು ಕಾಫಿ ಕುಡಿಯುತ್ತಿದ್ದರು.

"ಪಕ್ಕದೂರಿನೋರೆಲ್ಲ ಸೈಟು ಮಾಡಿ ಮಾರ್ಕೊಂಡ್ರು."

"ನಮ್ ಹೊಲಕ್ಕೆ ನಕ್ಷೇಲಿ ಹಸಿರು ಬಳಿದ್ಬುಟ್ಟ ಕಣಯ್ಯ, ಪುಣ್ಯಾತ್ಮ."

ಷಡಕ್ಷರಿ ಅತ್ತಿಗೆಯ ಹತ್ತಿರ ಬಂದ. "ಗುಣಿ ತೋಡಿಸಿದ್ದೀನಿ, ಅತ್ತಿಗೆ. ನಮ್ಮ ಹೊಲದಲ್ಲೇ."

ದಾಕ್ಷಾಯಣಮ್ಮ ಗಂಡನ ಹಣೆಯ ವಿಭೂತಿಯಿಂದ ಕೈ ತೆಗೆದರು. "ಸಿಟಿ ರುದ್ರಭೂಮಿಗೆ ಅಂತ ಹೇಳಿದ್ದೆನಲ್ಲ."

"ಅಪ್ಪನ ಹೊಲ ಇರುವಾಗ ಅಲ್ಯಾಕೆ? ಮೇಲೊಂದು ಗದ್ದುಗೆ, ಸುತ್ತ ಕಾಂಪೌಂಡು. ಮುಂದಿನ ತಿಂಗಳು ನಕ್ಷೆ ತಿದ್ದೋಕೆ ಆಫೀಸರು ಬರ್ತಾರೆ. ಕಟ್ಟಡ ಎದ್ದ ಜಾಗವನ್ನ ಹಸಿರು ಅಂತ ಹೆಂಗೆ ಬರೀತಾರೋ ನೋಡೇ ಬಿಡ್ತೀನಿ."

"ಅವರ ಹೆಣ ಇಟ್ಟು ಅವರ ಗೆರೆ ಅಳಿಸ್ತೀಯಾ?"

"ಜೀವ ಇದ್ದಾಗ ಅಳಿಸಲಿಲ್ವಲ್ಲ."

ಹೊರುವವರು ಅವನ ಕಡೆಯವರು. ಟ್ರ್ಯಾಕ್ಟರು ಅವನದು. ದಾಕ್ಷಾಯಣಮ್ಮ ಹತ್ತಿ ಕೂತರು.

*

ಏಳು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಷಡಕ್ಷರಿ ಕಚೇರಿಯ ಮೇಜಿನ ಮೇಲೆ ಹರಡಿದ್ದ ನಕ್ಷೆಗೆ ಬೆರಳಿಟ್ಟಿದ್ದ. ಕೆರೆಗೆ ನೀರು ಹರಿದುಬರುವ ನೆಲದ ಸುತ್ತ ಅಣ್ಣ ಗೆರೆ ಎಳೆದಿದ್ದ. ಗೆರೆಯ ಒಳಗೆಲ್ಲ ಹಸಿರು; ಅಲ್ಲಿ ಮನೆ ಕಟ್ಟುವಂತಿಲ್ಲ.

"ಒಂದೇ ಒಂದು ಬೆರಳು ಸರಿಸಣ್ಣ. ನಮ್ಮ ಹೊಲ ಆಚೆ ಬಂದ್ಬುಡುತ್ತೆ."

"ನಿನ್ನ ಬೆರಳಿನ ಕೆಳಗೆ ನೂರೈವತ್ತು ಮೀಟರ್ ಇದೆ ಕಣೋ. ಹಳ್ಳವೂ ಅಲ್ಲೇ ಇದೆ. ಅಲ್ಲಿ ಕಕ್ಕಸು ಗುಂಡಿ ತೋಡಿದ್ರೆ ಊರೆಲ್ಲ ಕುಡಿಯೋದು ಏನನ್ನ?"

"ನಿಂಗೆ ತಮ್ಮ ಮುಖ್ಯಾನೋ, ಕೆರೆ ಮುಖ್ಯಾನೋ?"

ರುದ್ರಸ್ವಾಮಿ ತಮ್ಮನ ಮಣಿಕಟ್ಟು ಹಿಡಿದು, ಬೆರಳನ್ನು ನಕ್ಷೆಯಿಂದ ಎತ್ತಿ ಪಕ್ಕಕ್ಕಿಟ್ಟ. ಗೆರೆಯ ಮೇಲೆ ಉಳಿದ ಬೆವರನ್ನು ಬಟ್ಟೆಯಿಂದ ಒತ್ತಿ ಒರೆಸಿದ. ಆಮೇಲೆ ಅಣ್ಣತಮ್ಮಂದಿರು ಮಾತಾಡಲಿಲ್ಲ.

*

ಹೊಲದಲ್ಲಿ ಎಲ್ಲರೂ ಗುಣಿಯ ಸುತ್ತ ನಿಂತರು. ಬೆಳಗಿನ ಜಾವ ತೋಡಿದ್ದು. ಈಗ ಮೊಣಕಾಲುದ್ದ ನೀರು ನಿಂತಿತ್ತು.

"ಬಳೀರೋ," ಎಂದ ಷಡಕ್ಷರಿ.

ಇಬ್ಬರು ಇಳಿದು ಬಕೆಟ್ಟಿನಲ್ಲಿ ಬಳಿದು ಚೆಲ್ಲಿದರು. ಚೆಲ್ಲಿದ್ದು ಇಳಿಜಾರಿನಲ್ಲಿ ಹರಿದು ಹಳ್ಳ ಸೇರಿತು. ಗುಣಿಯ ಗೋಡೆಗಳಿಂದ ಮತ್ತೆ ಒಸರಿತು.

"ನೀರೊಳಗೆ ಕೂರಿಸ್ತೀಯೇನೋ ಅವರನ್ನ?" ಎಂದರು ದಾಕ್ಷಾಯಣಮ್ಮ.

"ನೀರು ನೀರು ಅಂತಲೇ ಸತ್ತೋನಲ್ವಾ? ಕುಡೀಲಿ!"

ಯಾರೋ ನಕ್ಕರು. ಟ್ರ್ಯಾಕ್ಟರು ಓಡಿಸುತ್ತಿದ್ದ ಹುಚ್ಚಣ್ಣ ನಗಲಿಲ್ಲ. ಹಳ್ಳ ಕೆರೆಯ ಕಡೆಗೆ ತಿರುಗುವಲ್ಲಿಯೇ ನೋಡುತ್ತಿದ್ದ.

"ಷಡಕ್ಷರಪ್ನೋರೇ, ಇದು ನಮ್ ನಲ್ಲಿಗೆ ಬರೋ ನೀರು ಕಣ್ರೀ. ಎಣ ನೆಂದಿದ್ದನ್ನ ಎಂಗೆ ಕುಡಿಯೋದು?"

ನಗು ನಿಂತಿತು. ಬಳಿಯುತ್ತಿದ್ದವರು ಬಕೆಟ್ಟು ಬಿಟ್ಟು ಮೇಲೆ ಹತ್ತಿ, ಕಾಲನ್ನು ಹುಲ್ಲಿಗೆ ಉಜ್ಜಿಕೊಂಡರು.

"ಸತ್ ಮೇಲೂ ಸುಮ್ನಿರಲ್ಲ ಈ ಬಡ್ಡಿಮಗ. ಎತ್ಕೊಂಡೋಗ್ರಯ್ಯ ಆಚೆ!" ಎಂದು ಕೂಗಿದ ಒಬ್ಬ.

"ತಿರುಗಿಸಪ್ಪ ಹುಚ್ಚಣ್ಣ, ಸಿಟಿಗೆ," ಎಂದರು ದಾಕ್ಷಾಯಣಮ್ಮ. ಅವನು ಮಾಲೀಕನ ಮುಖ ನೋಡದೆ ಟ್ರ್ಯಾಕ್ಟರು ತಿರುಗಿಸಿದ. ಕುಲುಕಾಟಕ್ಕೆ ವಾಲಿದ ದೇಹವನ್ನು ಜವರಪ್ಪ ತಬ್ಬಿ ಹಿಡಿದ.

ತೋಡಿದ ಗುಣಿಯನ್ನು ಬರಿದೇ ಬಿಟ್ಟರೆ ಅದು ಮನೆಯಿಂದ ಇನ್ನೊಂದು ಹೆಣ ಕೇಳುತ್ತದೆ ಎಂದು ಹೇಳಿ ಊರಿನವರು ಚದುರಿದರು. ಒಬ್ಬನೇ ಉಳಿದ ಷಡಕ್ಷರಿ ಪಂಚೆ ಎತ್ತಿ ಕಟ್ಟಿ ಸನಿಕೆ ಹಿಡಿದ. ಮಣ್ಣು ತಳ್ಳಿದಷ್ಟೂ ನೀರು ಮೇಲೇರಿತು, ಅಂಚು ದಾಟಿತು, ಅವನ ಪಾದ ಬಳಸಿಕೊಂಡು ಹಳ್ಳದ ಕಡೆ ಹರಿಯತೊಡಗಿತು.